ಅಂಗಮರ್ದನದಿಂದ ಭೌತಚಿಕಿತ್ಸೆಗೆ: ವೈದ್ಯಾಜ್ಞೆಯ ನಿಯಮದ ಚರಿತ್ರೆ

ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ಎಂದೂ ಪುಸ್ತಕಗಳಲ್ಲಿ ಭೌತಚಿಕಿತ್ಸೆ ಎಂದೂ ಹೆಸರಾಗಿರುವ ವಿದ್ಯೆಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ಪ್ರಾಚೀನ ಗ್ರೀಸು, ಚೀನ, ಭಾರತಗಳಲ್ಲಿ ಅಂಗಮರ್ದನವು ಬಳಕೆಯಲ್ಲಿದ್ದುದನ್ನು ತೋರಿಸಿ, ಅಲ್ಲಿಂದ ಒಂದೇ ನೆಗೆತಕ್ಕೆ ಇಂದಿನ ಆಸ್ಪತ್ರೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮತ್ತೆ ಕೆಲವರು ಎರಡು ಮಹಾಯುದ್ಧಗಳಲ್ಲಿ ಕೈಕಾಲು ಕಳೆದುಕೊಂಡ ಸೈನಿಕರ ಅಗತ್ಯದಿಂದಲೇ ಈ ವೃತ್ತಿ ಹುಟ್ಟಿತೆಂದು ಹೇಳಿ ಮುಗಿಸುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯಾಂಶವುಂಟು. ಆದರೆ ಈ ವೃತ್ತಿಯ ಶಿಕ್ಷಣಕ್ರಮವು ತಾನು ತಳೆದ ರೂಪವನ್ನೇ ಏಕೆ ತಳೆಯಿತು, ವೈದ್ಯನ ಅಪ್ಪಣೆಯಿಲ್ಲದೆ ರೋಗಿಗೆ ಕೈ ಹಚ್ಚಬಾರದು ಎಂಬುದೇ ಅದರ ಮೊದಲ ನಿಯಮವಾದುದು ಹೇಗೆ ಎಂಬ ಪ್ರಶ್ನೆಗೆ ಎರಡರಲ್ಲಿಯೂ ಉತ್ತರ ದೊರೆಯುವುದಿಲ್ಲ. ಪ್ರಕೃತ ಪ್ರಬಂಧದಲ್ಲಿ ನಾವು ಆ ಒಂದು ನಿಯಮದ ಜಾಡನ್ನು ಮಾತ್ರ ಹಿಡಿದು ಹೋಗಲಿದ್ದೇವೆ. ಆ ನಿಯಮಕ್ಕೆ ಮೂಲಕಾರಣ ಒಂದು ಲೋಕಾಪವಾದ. ಆ ಅಪವಾದವನ್ನು ಜನ ಮರೆತ ಮೇಲೂ ನಿಯಮ ಉಳಿಯಿತು. ಅಂಥ ಅಪವಾದವೇ ಹುಟ್ಟದ ನಮ್ಮ ದೇಶಕ್ಕೂ ಅದು ಪಠ್ಯಕ್ರಮದ ಜೊತೆಗೆ ಬಂದು ಸೇರಿತು ಎಂಬುದು ನಮ್ಮ ಅಭಿಪ್ರಾಯ.

ಮೊದಲು ನಮ್ಮ ಕಡೆಯ ಸಂಗತಿಯನ್ನು ಹೇಳಿಬಿಡುವುದು ಒಳ್ಳೆಯದು. ಶೂದ್ರಕನ 'ಮೃಚ್ಛಕಟಿಕ'ದಲ್ಲಿ ಸಂವಾಹಕನೆಂಬ ಪಾತ್ರವೊಂದಿದೆ. ಪಾಟಲಿಪುತ್ರದಲ್ಲಿ ಹುಟ್ಟಿದ ಈತ ಅಂಗಮರ್ದನವನ್ನು ಕಲೆಯೆಂದು ಕಲಿತವನು, ಅನಂತರ ಅದನ್ನೇ ಹೊಟ್ಟೆಪಾಡು ಮಾಡಿಕೊಂಡವನು. ಜೂಜಿನಲ್ಲಿ ಸೋತು ಕೊನೆಗೆ ಭಿಕ್ಷುವಾಗುತ್ತಾನೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜನ ಸ್ನಾನಭೋಗದ ಸಂದರ್ಭದಲ್ಲಿ ತೈಲಾಭ್ಯಂಗದ ವಿವರಗಳಿವೆ; ಅದೇ ಗ್ರಂಥದ ಮಲ್ಲವಿನೋದದ ಭಾಗದಲ್ಲಿ ಮಲ್ಲರ ಸಾಧನೆಯ ಮಾತು ಬರುತ್ತದೆ. ನಮ್ಮ ಗರಡಿಮನೆಗಳ ಉಸ್ತಾದರು ಉಳುಕಿದ ಭುಜವನ್ನು ನೀವಿ ಸರಿಮಾಡುತ್ತಿದ್ದುದು, ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿ ಮುರಿದ ಮೂಳೆಯನ್ನು ಕೂಡಿಸುತ್ತಿದ್ದುದು ಎಲ್ಲರಿಗೂ ತಿಳಿದ ವಿಷಯ. ಈ ವಿದ್ಯೆ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೆ ಹೋಗುತ್ತಿತ್ತು. ಅದಕ್ಕೆ ಪರೀಕ್ಷೆಯಾಗಲಿ, ಅರ್ಹರ ಪಟ್ಟಿಯಾಗಲಿ, ಪ್ರಮಾಣಪತ್ರವಾಗಲಿ ಇರಲಿಲ್ಲ. ನಾವು ಚರ್ಚಿಸಲಿರುವ ಚರಿತ್ರೆಯಲ್ಲಿ ಹೊಸದೆಂಬುದು ಇವು ಮೂರೇ ಹೊರತು ಕೈಯ ಕೌಶಲವಲ್ಲ.

ಇಲ್ಲಿ ಒಂದು ಆಕಸ್ಮಿಕವನ್ನು ಹೇಳದೆ ಮುಂದುವರಿಯಲು ಮನಸ್ಸಾಗದು. ನಾಟಕದ ಸಂವಾಹಕನ ಊರಾದ ಪಾಟಲಿಪುತ್ರವೇ ಇಂದಿನ ಪಾಟ್ನಾ. ಅದೇ ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ದೀನ್ ಮಹಮ್ಮದ್ ಎಂಬಾತನು ಇಂಗ್ಲೆಂಡಿನ ಬ್ರೈಟನ್ ಪಟ್ಟಣಕ್ಕೆ ಹೋಗಿ, ಹಬೆಸ್ನಾನ ಮತ್ತು ಅಂಗಮರ್ದನದ ಮನೆಯೊಂದನ್ನು ತೆರೆದು ಪ್ರಸಿದ್ಧನಾದನು. ಮೈ ಒತ್ತುವುದಕ್ಕಿದ್ದ ಹಿಂದೂಸ್ತಾನಿ ಮಾತಿನಿಂದ ಹುಟ್ಟಿದ 'ಶಾಂಪೂ' ಎಂಬ ಶಬ್ದಕ್ಕೆ ಆಗ ತಲೆ ತೊಳೆಯುವ ಅರ್ಥ ಬಂದಿರಲಿಲ್ಲ. ಈತನು ಈ ಹೆಸರಿನಲ್ಲಿಯೇ 1822ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದನು; ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ ದೊರೆಗಳ ಅಂಗಮರ್ದಕನಾಗಿ ನೇಮಕಗೊಂಡನು. ಭಾರತೀಯನೊಬ್ಬನ ಕೈಯ ಉಪಚಾರಕ್ಕೆ ಆಂಗ್ಲ ಸಿರಿವಂತರು ಸಾಲುನಿಂತ ಆ ಕಾಲದಲ್ಲಿ, ಮುಟ್ಟಿ ಮಾಡುವ ಚಿಕಿತ್ಸೆಗೆ ವೈದ್ಯನ ಚೀಟಿ ಬೇಕೆಂದು ಯಾರೂ ಕೇಳಿದಂತೆ ಕಾಣುವುದಿಲ್ಲ. ದೀನ್ ಮಹಮ್ಮದ್ 1851ರಲ್ಲಿ ತೀರಿಕೊಂಡನು. ಆತನ ಮರಣಕ್ಕೂ ನಮ್ಮ ಕಥೆಯ ಮುಖ್ಯ ಘಟನೆಗೂ ನಡುವೆ ಇರುವ ಕಾಲ ಕೇವಲ 43 ವರ್ಷ.

ಯೂರೋಪಿನ ಇನ್ನೊಂದು ಮೂಲ ಸ್ವೀಡನ್ನಿನದು. ಕತ್ತಿವರಸೆಯ ಉಪಾಧ್ಯಾಯನಾಗಿದ್ದ ಪೆರ್ ಹೆನ್ರಿಕ್ ಲಿಂಗ್ (1776-1839) ಎಂಬಾತನು 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ರಾಜಾಶ್ರಯದಲ್ಲಿ ಅಂಗಸಾಧನೆಯ ಕೇಂದ್ರ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದನು. ಆತನು ತನ್ನ ಪದ್ಧತಿಯನ್ನು ಶೈಕ್ಷಣಿಕ, ಸೈನಿಕ, ವೈದ್ಯಕೀಯ, ಸೌಂದರ್ಯಪರ ಎಂದು ನಾಲ್ಕು ಶಾಖೆಗಳಾಗಿ ವಿಂಗಡಿಸಿದ್ದನು. ವೈದ್ಯಕೀಯ ಶಾಖೆಯಲ್ಲಿ ಚಿಕಿತ್ಸಕನು ರೋಗಿಯ ಅಂಗವನ್ನು ತಾನೇ ಚಲಿಸುವುದು, ರೋಗಿಯ ಚಲನೆಗೆ ಕೈಯಿಂದ ತಡೆಯೊಡ್ಡಿ ಸ್ನಾಯುಗಳನ್ನು ಬಲಪಡಿಸುವುದು ಮುಂತಾದ ಕ್ರಮಗಳಿದ್ದುವು. ಇಲ್ಲಿ ನಾವು ಗಮನಿಸಬೇಕಾದುದು ಈ ಸಂಸ್ಥೆಯಿಂದ ಹೊರಬಂದವರ ಸಾಮಾಜಿಕ ಸ್ಥಾನವನ್ನು. ಅವರಲ್ಲಿ ಅನೇಕರು ಸೈನ್ಯಾಧಿಕಾರಿಗಳು, ಮೇಲ್ಮನೆತನದವರು. 19ನೆಯ ಶತಮಾನದಲ್ಲಿ ಮೂಳೆ ಮತ್ತು ಕೀಲುಗಳ ಶಸ್ತ್ರವೈದ್ಯರೊಡನೆ ಅವರು ಸರಿಸಮಾನರಾಗಿ ವಾದಕ್ಕೆ ನಿಂತರು. ತಮ್ಮದೂ ಒಂದು ಸ್ವತಂತ್ರ ಶಾಸ್ತ್ರವೆಂದು ಸಾಧಿಸಿದರು. 1887ರಲ್ಲಿ ಸ್ವೀಡನ್ನಿನ ಆರೋಗ್ಯ ಮಂಡಲಿ ಅವರಿಗೆ ಅಧಿಕೃತ ಪರವಾನಗಿಯನ್ನು ಕೊಟ್ಟಿತು. ಅದೇ ಚಿಕಿತ್ಸೆಯನ್ನು ಏಳು ವರ್ಷಗಳ ತರುವಾಯ ಲಂಡನ್ನಿನಲ್ಲಿ ಕೈಗೊಂಡ ಹೆಂಗಸರಿಗೆ ಆ ಬಗೆಯ ಮಾತನ್ನಾಡಲು ಸಾಧ್ಯವಿರಲಿಲ್ಲ. ಚಿಕಿತ್ಸೆ ಒಂದೇ; ಚಿಕಿತ್ಸೆ ಮಾಡುವವರು ಬೇರೆ. ವೈದ್ಯಾಜ್ಞೆಯ ನಿಯಮಕ್ಕೆ ಈ ವಿದ್ಯೆಯ ಸ್ವರೂಪವೇ ಕಾರಣವೆನ್ನುವವರು ಈ ವ್ಯತ್ಯಾಸಕ್ಕೆ ಸಮಾಧಾನ ಹೇಳಬೇಕಾಗುತ್ತದೆ.

ಲಂಡನ್ನಿನಲ್ಲಿ ನಡೆದುದೇನು? 1894ರ ಬೇಸಗೆಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯು ಅಂಗಮರ್ದನದ ಹೆಸರಿನಲ್ಲಿ ನಗರದಲ್ಲಿ ವೇಶ್ಯಾಗೃಹಗಳು ನಡೆಯುತ್ತಿವೆಯೆಂದು ಬರೆಯಿತು. ಮಾತು ಅಷ್ಟಕ್ಕೇ ನಿಲ್ಲಲಿಲ್ಲ. ಹೆಚ್ಚು ಶುಲ್ಕ ತೆತ್ತು ಅರೆಬರೆ ತರಬೇತಿ ಪಡೆದು, ಬೆಲೆಯಿಲ್ಲದ ಪ್ರಮಾಣಪತ್ರ ಹಿಡಿದು, ಕೆಲಸ ಸಿಗದೆ ಸಾಲಕ್ಕೆ ಬಿದ್ದ ತರುಣಿಯರು ಅಂಥ ಮನೆಗಳ ಪಾಲಾಗುತ್ತಾರೆಂಬ ಆರೋಪವೂ ಬಂದಿತು. ಈ ವರದಿಗಳಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂಬುದು ಬೇರೆಯೇ ಪ್ರಶ್ನೆ. ಪರಿಣಾಮ ಮಾತ್ರ ಸ್ಪಷ್ಟವಾಗಿತ್ತು: ಆಸ್ಪತ್ರೆಗಳಲ್ಲಿ, ಮನೆಗಳಲ್ಲಿ ಪ್ರಾಮಾಣಿಕವಾಗಿ ಈ ಕೆಲಸ ಮಾಡುತ್ತಿದ್ದ ದಾದಿಯರು ತಮ್ಮ ಕಸುಬಿನ ಹೆಸರನ್ನು ಹೇಳಿಕೊಳ್ಳಲು ಅಳುಕುವಂತಾಯಿತು.

ಆ ವರ್ಷದಲ್ಲಿಯೇ ಲೂಸಿ ರಾಬಿನ್‌ಸನ್, ರೊಸಾಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್ ಎಂಬ ನಾಲ್ವರು ಮಹಿಳೆಯರು ಸೇರಿ ತರಬೇತಾದ ಅಂಗಮರ್ದಕಿಯರ ಸಂಘವನ್ನು ಕಟ್ಟಿದರು. ಇವರು ದಾದಿ ಮತ್ತು ಸೂಲಗಿತ್ತಿಯರ ವೃತ್ತಿಗಳಿಂದ ಬಂದವರು. ಇವರಲ್ಲಿ ಪ್ಯಾಜೆಟ್ (1855-1948) ಎಂಬಾಕೆಯ ಹಿನ್ನೆಲೆ ವಿಶೇಷವಾಗಿ ವಿಚಾರಾರ್ಹ. ಈಕೆ ಅದೇ ಕಾಲದಲ್ಲಿ ಸೂಲಗಿತ್ತಿಯರಿಗೆ ಪರೀಕ್ಷೆ, ಸರ್ಕಾರದ ನೋಂದಣಿ ಇವೆರಡೂ ಆಗಬೇಕೆಂದು ದುಡಿಯುತ್ತಿದ್ದವರಲ್ಲಿ ಪ್ರಮುಖಳು. ಆ ಪ್ರಯತ್ನ 1902ರ ಕಾನೂನಿನಲ್ಲಿ ಫಲಿಸಿತು. ತರಬೇತಿಲ್ಲದವರಿಂದ ತರಬೇತಾದವರನ್ನು ಬೇರ್ಪಡಿಸಿ ಲೋಕಕ್ಕೆ ತೋರಿಸುವ ಉಪಾಯ ಆಕೆಗೆ ಚೆನ್ನಾಗಿ ತಿಳಿದಿತ್ತು. ಸಂಘದ ಹೆಸರಿನಲ್ಲಿ 'ತರಬೇತಾದ' ಎಂಬ ವಿಶೇಷಣ ಮೊದಲಿಗೇ ಬಂದುದು ಇದರಿಂದಲೇ ಎಂದು ನಾವು ಊಹಿಸಬಹುದು.

ಸಂಘದ ನಿಯಮಗಳು ನಾಲ್ಕು. ವೈದ್ಯನ ನಿರ್ದೇಶನವಿಲ್ಲದೆ ಯಾವ ರೋಗಿಯನ್ನೂ ವಹಿಸಿಕೊಳ್ಳಕೂಡದು. ಗಂಡಸರಿಗೆ ಸರ್ವಾಂಗಮರ್ದನ ಮಾಡಕೂಡದು. ತುರ್ತಿನ ಇಲ್ಲವೆ ಶುಶ್ರೂಷೆಯ ಸಂದರ್ಭಗಳಲ್ಲಿ ವೈದ್ಯನು ವಿಶೇಷವಾಗಿ ಕೇಳಿಕೊಂಡರೆ ಮಾತ್ರ ಅಪವಾದ. ವೈದ್ಯಕೀಯ ಪತ್ರಿಕೆಗಳನ್ನು ಬಿಟ್ಟು ಬೇರೆಲ್ಲಿಯೂ ಜಾಹೀರಾತು ಕೊಡಕೂಡದು. ರೋಗಿಗಳಿಗೆ ಔಷಧ ಮಾರಕೂಡದು. ಈ ನಾಲ್ಕರಲ್ಲಿ ಒಂದಾದರೂ ರೋಗವನ್ನು ಕುರಿತದ್ದಲ್ಲ. ಯಾವ ವ್ಯಾಧಿಗೆ ಮರ್ದನ ಹಿತ, ಯಾವುದಕ್ಕೆ ಅಪಾಯ ಎಂಬ ಮಾತು ಇವುಗಳಲ್ಲಿ ಬರುವುದಿಲ್ಲ. ಪತ್ರಿಕೆ ಹೊರಿಸಿದ ಅಪವಾದದ ಒಂದೊಂದು ಅಂಶಕ್ಕೂ ಒಂದೊಂದು ಬಾಗಿಲು ಹಾಕಿ, ಆ ಬಾಗಿಲುಗಳ ಬೀಗದಕೈಯನ್ನು ವೈದ್ಯರಿಗೆ ಒಪ್ಪಿಸಿದಂತಿದೆ. ಅಪವಾದ ಹೊರಿಸಿದುದು ವೈದ್ಯರ ಪತ್ರಿಕೆ; ಅಪವಾದದಿಂದ ಬಿಡುಗಡೆ ಮಾಡುವ ಅಧಿಕಾರವೂ ವೈದ್ಯರದಾಯಿತು. ಇದನ್ನು ಆ ನಾಲ್ವರ ದೌರ್ಬಲ್ಯವೆಂದು ನಾವು ಹೇಳಲಾರೆವು. ಮತಾಧಿಕಾರವಿಲ್ಲದ, ವಿಶ್ವವಿದ್ಯಾನಿಲಯಗಳ ಬಾಗಿಲು ಆಗತಾನೆ ಅಷ್ಟಿಷ್ಟು ತೆರೆದಿದ್ದ ಕಾಲದ ಹೆಂಗಸರು ಒಂದು ಕಸುಬನ್ನು ಸಾರ್ವಜನಿಕ ನಿಂದೆಯಿಂದ ಎತ್ತಿ ನಿಲ್ಲಿಸಬೇಕಾಗಿತ್ತು. ಅದಕ್ಕೆ ಅವರು ತೆತ್ತ ಬೆಲೆ ಸ್ವಂತ ತೀರ್ಮಾನದ ಹಕ್ಕು. ಬೆಲೆ ಹೆಚ್ಚಾಯಿತೇ ಎಂದು ಕೇಳುವ ಹಕ್ಕು ಬರಬೇಕಾದರೂ ವೃತ್ತಿ ಮೊದಲು ಬದುಕಿ ಉಳಿಯಬೇಕಾಗಿತ್ತು.

ಪರೀಕ್ಷೆಗಳು 1895ರಲ್ಲಿ ಮೊದಲಾದುವು. 1900ರಲ್ಲಿ ಸಂಘವು ಕಾನೂನಿನ ಪ್ರಕಾರ ನೊಂದಾಯಿತವಾಯಿತು. ಪಠ್ಯಕ್ರಮದಲ್ಲಿ ಅಂಗರಚನಾಶಾಸ್ತ್ರಕ್ಕೆ ದೊರೆತ ಸ್ಥಾನವನ್ನು ಕಂಡರೆ ಅಪವಾದದ ನೆರಳು ಇಲ್ಲಿಯೂ ಬಿದ್ದಿದೆಯೆನಿಸುತ್ತದೆ. ಒಂದೊಂದು ಸ್ನಾಯುವೂ ಯಾವ ಮೂಳೆಯಲ್ಲಿ ಹುಟ್ಟಿ ಯಾವುದರಲ್ಲಿ ಸೇರುತ್ತದೆ, ಯಾವ ನರ ಅದನ್ನು ಆಳುತ್ತದೆ, ಅದು ಕೀಲನ್ನು ಯಾವ ಕಡೆಗೆ ತಿರುಗಿಸುತ್ತದೆ ಎಂಬುದನ್ನು ವಿದ್ಯಾರ್ಥಿನಿ ಬಾಯಿಪಾಠ ಮಾಡಬೇಕಾಗಿತ್ತು. ಈ ಜ್ಞಾನ ಅಗತ್ಯವೇ ಸರಿ. ಅದರ ಜೊತೆಗೆ, ಕೈಗೆ ಸಿಕ್ಕಿದ ದೇಹವನ್ನು ಸನ್ನೆಗೋಲುಗಳೂ ಹಗ್ಗಗಳೂ ಕೂಡಿದ ಯಂತ್ರವೆಂದು ಕಾಣುವ ಅಭ್ಯಾಸವನ್ನೂ ಅದು ಕಲಿಸಿತು. ಯಂತ್ರವನ್ನು ಮುಟ್ಟಿದರೆ ಯಾರೂ ಆಕ್ಷೇಪಿಸಲಾರರಷ್ಟೆ. ರೋಗಿಯ ಭಯ, ಬೇಸರ, ಮನೆಯ ಕಷ್ಟ ಇವು ಬಹುಕಾಲ ಈ ಶಿಕ್ಷಣದ ಹೊರಗೆ ಉಳಿದುದಕ್ಕೆ ಇದೂ ಒಂದು ಕಾರಣವಿರಬಹುದು.

1914ರ ಆಗಸ್ಟಿನಲ್ಲಿ ಯುದ್ಧ ಮೊದಲಾಯಿತು. ಪಾರ್ಲಿಮೆಂಟಿನ ಸದಸ್ಯನಾಗಿದ್ದ ಆಲ್ಮೆರಿಕ್ ಪ್ಯಾಜೆಟ್ ಮತ್ತು ಆತನ ಪತ್ನಿ 50 ಜನ ಅಂಗಮರ್ದಕಿಯರನ್ನು ತಮ್ಮ ಖರ್ಚಿನಲ್ಲಿ ಯುದ್ಧ ಇಲಾಖೆಗೆ ಒದಗಿಸಲು ಮುಂದೆ ಬಂದರು. ಆ ಚಿಕ್ಕ ದಳ ಯುದ್ಧದ ವರ್ಷಗಳಲ್ಲಿ ಬೆಳೆದು ಸೈನಿಕ ಆಸ್ಪತ್ರೆಗಳಿಗೆ ಅನಿವಾರ್ಯವಾಯಿತು. ಗಂಡಸರನ್ನು ಮುಟ್ಟಬಾರದೆಂಬ ಎರಡನೆಯ ನಿಯಮವನ್ನು ಯಾರೂ ರದ್ದುಮಾಡಬೇಕಾಗಲಿಲ್ಲ. ಗಾಯಗೊಂಡ ಸೈನಿಕರ ಸಾಲು ಅದನ್ನು ತಾನೇ ಅರ್ಥಹೀನವಾಗಿ ಮಾಡಿತು. ಮೊದಲನೆಯ ನಿಯಮವಾದರೋ ಸೈನ್ಯದ ಶಿಸ್ತಿನಲ್ಲಿ ಇನ್ನಷ್ಟು ಗಟ್ಟಿಯಾಯಿತು. ಶಸ್ತ್ರವೈದ್ಯ ರಾಬರ್ಟ್ ಜೋನ್ಸನ ಪ್ರಯತ್ನದಿಂದ 1916ರಲ್ಲಿ ಲಂಡನ್ನಿನ ಷೆಪರ್ಡ್ಸ್ ಬುಷ್ ಎಂಬಲ್ಲಿ ಸೈನಿಕ ಆಸ್ಪತ್ರೆಯೊಂದು ತೆರೆಯಿತು. ಅಲ್ಲಿ ಮರಗೆಲಸ, ಕಮ್ಮಾರಿಕೆ ಮುಂತಾದ ಕಾರ್ಯಾಗಾರಗಳನ್ನು ವಾರ್ಡುಗಳ ಪಕ್ಕದಲ್ಲಿಯೇ ಇಟ್ಟಿದ್ದರು. ಬಿಗಿದುಕೊಂಡ ಮೊಣಕೈ ತೋಪಡ ಹಿಡಿದು ತಳ್ಳುವಾಗ ಸಡಿಲವಾಗುತ್ತದೆ; ಅದೇ ವೇಳೆಗೆ ರೋಗಿಗೆ ಒಂದು ಕಸುಬೂ ಕೈಹತ್ತುತ್ತದೆ. ಚಿಕಿತ್ಸೆಯನ್ನೂ ಜೀವನೋಪಾಯವನ್ನೂ ಒಂದೇ ಸೂರಿನ ಕೆಳಗೆ ತಂದ ಈ ಏರ್ಪಾಟಿನ ಮಹತ್ತ್ವ ನಮಗೆ ವೆಲ್ಲೂರಿನ ಪ್ರಸ್ತಾಪ ಬಂದಾಗ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ 1915ರಲ್ಲಿ ಆರ್ಥರ್ ಪಿಯರ್ಸನ್ ಸ್ಥಾಪಿಸಿದ ಸೇಂಟ್ ಡನ್‌ಸ್ಟನ್ಸ್ ಸಂಸ್ಥೆಯಿಂದ ಕೆಲವರು ಅಂಗಮರ್ದನವನ್ನು ಕಲಿತು ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಕಣ್ಣಿಲ್ಲದವನ ಬೆರಳುಗಳಿಗೆ ಸ್ನಾಯುವಿನ ಬಿಗುವು ಬೇಗ ತಿಳಿಯುತ್ತದೆಂಬುದು ಜಪಾನಿನಲ್ಲಿ ಶತಮಾನಗಳಿಂದ ಬಲ್ಲ ಸಂಗತಿ. ಗಾಯಾಳುವೇ ಚಿಕಿತ್ಸಕನಾಗಿ ನಿಂತ ಈ ನಿದರ್ಶನ ನಮ್ಮ ಚರಿತ್ರೆಯಲ್ಲಿ ಮತ್ತೆ ಬರುವುದರಿಂದ ಇಲ್ಲಿ ಗುರುತಿಸಿದ್ದೇವೆ.

1920ರಲ್ಲಿ ಮ್ಯಾಂಚೆಸ್ಟರಿನ ಸೋದರ ಸಂಸ್ಥೆಯೊಡನೆ ಒಂದಾಗಿ, ಸಂಘವು ರಾಜಸನ್ನದನ್ನು ಪಡೆಯಿತು. ಗಂಡಸರಿಗೂ ಸದಸ್ಯತ್ವ ದೊರೆಯಿತು. ಆಗ ಹೆಸರಿನಲ್ಲಿ ಮರ್ದನದ ಜೊತೆಗೆ ವೈದ್ಯಕೀಯ ಅಂಗಸಾಧನೆ ಸೇರಿತು. 1944ರಲ್ಲಿ ಮರ್ದನವೆಂಬ ಮಾತೇ ಹೋಗಿ ಭೌತಚಿಕಿತ್ಸೆಯ ಸಂಘವೆಂಬ ಈಗಿನ ಹೆಸರಾಯಿತು. ಅರ್ಧ ಶತಮಾನದಲ್ಲಿ ಹೆಸರು ತನ್ನ ಕಳಂಕವನ್ನು ತೊಳೆದುಕೊಂಡಿತು. ನಿಯಮ ಹಾಗೆಯೇ ಇತ್ತು.

ಅಮೆರಿಕದ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಅಲ್ಲಿ ಈ ವೃತ್ತಿಗೆ ತಳಹದಿ ಹಾಕಿದ ಮೇರಿ ಮ್ಯಾಕ್‌ಮಿಲನ್ ಎಂಬಾಕೆ ಇಂಗ್ಲೆಂಡಿನಲ್ಲಿ ರಾಬರ್ಟ್ ಜೋನ್ಸನ ಕೈಕೆಳಗೆ ಪಳಗಿದವಳು. 1918ರಲ್ಲಿ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ, ಅದೇ ವರ್ಷ ಆರೆಗನ್ ಪ್ರಾಂತದ ರೀಡ್ ಕಾಲೇಜಿನಲ್ಲಿ ಸೈನಿಕರ ಚಿಕಿತ್ಸೆಗೆ ಬೇಕಾದ ಸಹಾಯಕಿಯರಿಗೆ ಪಾಠ ಹೇಳಿದಳು. 1921ರಲ್ಲಿ ಸ್ಥಾಪಿತವಾದ ಮಹಿಳಾ ಭೌತಚಿಕಿತ್ಸಕರ ಸಂಘಕ್ಕೆ ಮೊದಲ ಅಧ್ಯಕ್ಷಳಾದಳು. ಗುರುವಿನೊಡನೆ ನಿಯಮವೂ ಸಮುದ್ರ ದಾಟಿತೆಂದು ಹೇಳಬೇಕಾಗಿಲ್ಲ. 1936ರಲ್ಲಿ ಅಮೆರಿಕದ ವೈದ್ಯಸಂಘವು ಈ ಶಾಲೆಗಳಿಗೆ ಮಾನದಂಡಗಳನ್ನು ಗೊತ್ತುಪಡಿಸಿದಾಗ, ಅಲ್ಲಿ ಕಲಿತು ಬರುವವರನ್ನು ಕರೆದ ಹೆಸರು 'ಟೆಕ್ನಿಷಿಯನ್' ಎಂದು.

ನಿಯಮವನ್ನು ಒಪ್ಪಿದವರ ನಡುವೆ ಒಪ್ಪದವಳೊಬ್ಬಳಿದ್ದಳು. ಆಸ್ಟ್ರೇಲಿಯದ ಎಲಿಜಬೆತ್ ಕೆನ್ನಿ (1880-1952) ಯಾವ ಸಂಘದ ಪರೀಕ್ಷೆಗೂ ಕುಳಿತವಳಲ್ಲ; ದಾದಿಯ ಕ್ರಮಬದ್ಧ ತರಬೇತಿಯೂ ಆಕೆಗಿರಲಿಲ್ಲ. ಒಂದನೆಯ ಮಹಾಯುದ್ಧದಲ್ಲಿ ಸೈನ್ಯದ ದಾದಿಯಾಗಿ ಗಳಿಸಿದ 'ಸಿಸ್ಟರ್' ಎಂಬ ಬಿರುದು ಮಾತ್ರ ಜೀವನವಿಡೀ ಉಳಿಯಿತು. ಪೋಲಿಯೋ ತಗುಲಿದ ಮಕ್ಕಳ ಕೈಕಾಲುಗಳನ್ನು ದಬ್ಬೆ ಮತ್ತು ಪ್ಲಾಸ್ಟರುಗಳಲ್ಲಿ ತಿಂಗಳುಗಟ್ಟಲೆ ಅಲುಗದಂತೆ ಕಟ್ಟಿಡುವುದು ಆಗಿನ ವೈದ್ಯರ ಪದ್ಧತಿ. ಕೆನ್ನಿ ಆ ಕಟ್ಟುಗಳನ್ನು ಬಿಚ್ಚಿ, ಉಣ್ಣೆಯ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಸ್ನಾಯುಗಳಿಗೆ ಸುತ್ತುತ್ತಿದ್ದಳು. ನೋವು ತಗ್ಗಿದ ಮೇಲೆ ಅಂಗವನ್ನು ತಾನು ಮೆಲ್ಲನೆ ಚಲಿಸಿ, ಮಗುವಿಗೆ ಆ ಚಲನೆಯನ್ನು ಮನಸ್ಸಿನಲ್ಲಿ ಹಿಡಿದು ಮತ್ತೆ ಕಲಿಯುವಂತೆ ಹೇಳುತ್ತಿದ್ದಳು. ಕ್ವೀನ್ಸ್‌ಲೆಂಡ್ ಸರ್ಕಾರ ನೇಮಿಸಿದ ವಿಚಾರಣಾ ಸಮಿತಿ 1938ರಲ್ಲಿ ಆಕೆಯ ಕ್ರಮವನ್ನು ತಳ್ಳಿಹಾಕಿತು. 1940ರಲ್ಲಿ ಆಕೆ ಅಮೆರಿಕಕ್ಕೆ ಹೋದಳು. 1942ರಲ್ಲಿ ಮಿನಿಯಾಪೊಲಿಸಿನಲ್ಲಿ ಆಕೆಯ ಹೆಸರಿನ ಸಂಸ್ಥೆಯೇ ತೆರೆಯಿತು.

ಕೆನ್ನಿಯನ್ನು ಹೊಗಳುವವರು ಆಕೆಯ ಸಿದ್ಧಾಂತವನ್ನು ಮರೆಯಬಾರದು. ಪೋಲಿಯೋದಲ್ಲಿ ಕೆಡುವುದು ಮುಖ್ಯವಾಗಿ ಬೆನ್ನುಹುರಿಯ ನರಕೋಶಗಳೆಂಬುದನ್ನು ಆಕೆ ಸರಿಯಾಗಿ ಗ್ರಹಿಸಲಿಲ್ಲ. ಸ್ನಾಯುಗಳ ಸೆಳೆತವೇ ರೋಗದ ತಿರುಳೆಂದು ಹಟ ಹಿಡಿದಳು. ಆಕೆಯ ಮಾತು ಒರಟು, ಪ್ರಚಾರಪ್ರಿಯತೆ ಹೆಚ್ಚು. ಆದರೂ ಆಕೆಯ ಕೈಗೆ ಕಂಡುದು ವೈದ್ಯರ ಕಣ್ಣಿಗೆ ಕಾಣಲಿಲ್ಲವೆಂಬುದು ನಿರ್ವಿವಾದ. ಮಕ್ಕಳ ಅಂಗಗಳನ್ನು ಬಹುಕಾಲ ಕಟ್ಟಿಹಾಕುವ ಪದ್ಧತಿ ಕ್ರಮೇಣ ಹಿಂದೆ ಸರಿಯಿತು. ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ. ಆ ದಬ್ಬೆಗಳನ್ನು ದಿನವೂ ಬಿಚ್ಚಿ ಕಟ್ಟುತ್ತಿದ್ದ, ಒಳಗೆ ಸ್ನಾಯುಗಳು ಸೊರಗುವುದನ್ನು ಕೈಯಾರೆ ಕಂಡಿದ್ದ ತರಬೇತಾದ ಚಿಕಿತ್ಸಕಿಯರು ಎಷ್ಟೋ ಮಂದಿ ಇದ್ದಿರಬೇಕು. ಅವರಾರೂ ಕೆನ್ನಿಯಂತೆ ಎದುರು ನಿಲ್ಲಲಿಲ್ಲ. ಅವರ ವಿವೇಕ ಕೆನ್ನಿಯದಕ್ಕಿಂತ ಕಡಮೆಯೆಂದು ಎಣಿಸಲು ಕಾರಣವಿಲ್ಲ. ಎದುರಾಡಿದರೆ ಅವರು ಕಳೆದುಕೊಳ್ಳಬೇಕಾಗಿದ್ದುದು ಪಟ್ಟಿಯಲ್ಲಿನ ತಮ್ಮ ಹೆಸರು. ಕೆನ್ನಿಯ ಹೆಸರು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ.

ಎರಡನೆಯ ಮಹಾಯುದ್ಧದೊಡನೆ ಬಳಕೆಗೆ ಹೆಚ್ಚಾಗಿ ಬಂದ 'ರಿಹ್ಯಾಬಿಲಿಟೇಷನ್' ಎಂಬ ಶಬ್ದವನ್ನು ನಾವು 'ಪುನರ್ವಸತಿ' ಎಂದು ಕನ್ನಡಿಸಿಕೊಂಡಿದ್ದೇವೆ. ಅದನ್ನು ಕೇಳಿದೊಡನೆ ನಮ್ಮ ಜನರಿಗೆ ನೆನಪಾಗುವುದು ಜಲಾಶಯಗಳಲ್ಲಿ ಊರು ಮುಳುಗಿ ಬೇರೆಡೆಗೆ ಹೋದವರ ಸಂಕಟ. ಅನುವಾದ ಅಷ್ಟು ಅಸಂಗತವೇನೂ ಅಲ್ಲ: ತನ್ನ ದೇಹದಿಂದಲೇ ಒಕ್ಕಲೆಬ್ಬಿಸಲ್ಪಟ್ಟವನಿಗೆ ಅದೇ ದೇಹದಲ್ಲಿ ಮತ್ತೆ ನೆಲೆ ಕಲ್ಪಿಸುವ ಕೆಲಸ ಇದು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಬೆನ್ನುಹುರಿಯ ಗಾಯಾಳುಗಳ ವಿಭಾಗವನ್ನು ಆರಂಭಿಸಿದ ಲುಡ್ವಿಗ್ ಗುಟ್‌ಮನ್, 1948ರ ಜುಲೈ 29ರಂದು ಗಾಲಿಕುರ್ಚಿಯಲ್ಲಿದ್ದ 16 ಮಂದಿಯಿಂದ ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದನು. ಇಂದಿನ ಪ್ಯಾರಾಲಿಂಪಿಕ್ ಕ್ರೀಡೆಗಳಿಗೆ ಅದೇ ಬೀಜ. ನ್ಯೂಯಾರ್ಕಿನಲ್ಲಿ ಹೋವರ್ಡ್ ರಸ್ಕ್ ಪುನರ್ವಸತಿಯನ್ನು ವೈದ್ಯಶಾಸ್ತ್ರದ ಒಂದು ಶಾಖೆಯಾಗಿ ಕಟ್ಟಿದನು.

ಭಾರತಕ್ಕೆ ಈ ಶಿಕ್ಷಣ ಬಂದುದು ಪೋಲಿಯೋ ನಿಮಿತ್ತವಾಗಿ. 1950ರ ಆಸುಪಾಸಿನಲ್ಲಿ ಮುಂಬಯಿಯಲ್ಲಿ ಆ ರೋಗ ಹರಡಿದಾಗ, ಬದುಕಿ ಉಳಿದ ಮಕ್ಕಳನ್ನು ನಡೆಸುವವರಿಲ್ಲವೆಂಬುದು ಎದ್ದು ಕಂಡಿತು. ಭಾರತ ಸರ್ಕಾರ, ಮುಂಬಯಿ ನಗರಸಭೆ, ವಿಶ್ವ ಆರೋಗ್ಯ ಸಂಸ್ಥೆ ಇವು ಕೂಡಿ 1953ರಲ್ಲಿ ಅಲ್ಲಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ಭೌತಚಿಕಿತ್ಸೆಯ ಶಾಲೆಯನ್ನು ತೆರೆದವು. 1955ರಲ್ಲಿ ಭಾರತೀಯ ಭೌತಚಿಕಿತ್ಸಕರ ಸಂಘ ಸ್ಥಾಪಿತವಾಯಿತು. ಅದೇ ವರ್ಷ ಮುಂಬಯಿಯಲ್ಲಿಯೇ ಭೌತವೈದ್ಯ ಮತ್ತು ಪುನರ್ವಸತಿಯ ಅಖಿಲ ಭಾರತ ಸಂಸ್ಥೆಯೂ ಕೆಲಸ ಮೊದಲುಮಾಡಿತು. ಹೀಗೆ ಬಂದ ಶಿಕ್ಷಣಕ್ರಮದಲ್ಲಿ ಗರಡಿಯ ಉಸ್ತಾದನಿಗೂ ನಾಟಿ ವೈದ್ಯನಿಗೂ ಸ್ಥಳವಿರಲಿಲ್ಲ. ವೈದ್ಯನು ಬರೆದುಕೊಟ್ಟಂತೆ ಚಿಕಿತ್ಸಕನು ಮಾಡುವುದು ಎಂಬ ಸಂಬಂಧ ಮಾತ್ರ ಸ್ವತಸ್ಸಿದ್ಧವೆಂಬಂತೆ ಬಂದಿತು. ಬ್ರೈಟನ್ನಿನಲ್ಲಿ ದೊರೆಗಳ ಮೈ ಒತ್ತಿದ ವಿದ್ಯೆ ನೂರೈವತ್ತು ವರ್ಷಗಳೊಳಗೆ ಪರೀಕ್ಷಾಪತ್ರಿಕೆಯ ರೂಪ ತಳೆದು ಹುಟ್ಟೂರಿನ ದೇಶಕ್ಕೆ ಹಿಂದಿರುಗಿತೆಂದರೆ ಅಷ್ಟೇನೂ ತಪ್ಪಾಗದು.

ಆ ಸಂಬಂಧದ ಪರೀಕ್ಷೆ ನಡೆದುದು ಮುಂಬಯಿಗಿಂತ ಹೆಚ್ಚಾಗಿ ವೆಲ್ಲೂರಿನಲ್ಲಿ. ಕೊಲ್ಲಿ ಬೆಟ್ಟಗಳಲ್ಲಿ 1914ರಲ್ಲಿ ಹುಟ್ಟಿ, ಶಸ್ತ್ರವೈದ್ಯನಾಗುವ ಮುನ್ನ ಲಂಡನ್ನಿನಲ್ಲಿ ಕಟ್ಟಡದ ಕೆಲಸವನ್ನೂ ಮರಗೆಲಸವನ್ನೂ ಕಲಿತಿದ್ದ ಪಾಲ್ ಬ್ರ್ಯಾಂಡ್ 1946ರಲ್ಲಿ ಅಲ್ಲಿಯ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಚೆಂಗಲ್ಪಟ್ಟಿನ ಕುಷ್ಠರೋಗ ಕೇಂದ್ರದಲ್ಲಿ ಬೆರಳು ಮಡಿಚಿಹೋಗಿದ್ದ ರೋಗಿಯೊಬ್ಬನ ಕೈಯೊಳಗೆ ತಮ್ಮ ಕೈಯಿಟ್ಟು ಅದುಮಲು ಹೇಳಿದಾಗ, ಆ ಹಿಡಿತದ ಬಲ ಕಂಡು ಅವರು ಬೆರಗಾದರು. ಅಂಗೈಯ ಸಣ್ಣ ಸ್ನಾಯುಗಳು ಸತ್ತಿದ್ದರೂ ಮುಂಗೈಯ ಸ್ನಾಯುಗಳು ಗಟ್ಟಿಯಾಗಿಯೇ ಇದ್ದುವು. ಮುಂಗೈಯ ಸ್ನಾಯುವೊಂದರ ರಜ್ಜುವನ್ನು ಬಿಡಿಸಿ ಹೊಸ ಜಾಗಕ್ಕೆ ಹೊಲಿಯುವ ಶಸ್ತ್ರಕ್ರಿಯೆಗಳು ಇದರಿಂದ ಬೆಳೆದುವು. ಆದರೆ ಹೊಲಿದ ಮಾತ್ರಕ್ಕೆ ಬೆರಳು ಬಿಚ್ಚಿಕೊಳ್ಳುವುದಿಲ್ಲ. ಬೆರಳಿನ ನಡುಗಿಣ್ಣನ್ನು ಮಡಿಸುವುದೇ ಹುಟ್ಟಿದಂದಿನಿಂದ ಕಸುಬಾಗಿದ್ದ ಸ್ನಾಯು, ಇನ್ನು ಮುಂದೆ ಬುಡದ ಗೆಣ್ಣನ್ನು ಮಾತ್ರ ಮಡಿಸಿ ಉಳಿದುದನ್ನು ನೇರವಾಗಿಡುವುದನ್ನು ಕಲಿಯಬೇಕು. ಪ್ಲಾಸ್ಟರು ತೆಗೆದ ದಿನದಿಂದ ವಾರಗಟ್ಟಲೆ, ದಿನಕ್ಕೆ ಹಲವು ಸಾರಿ, ಎದುರಿಗೆ ಕುಳಿತು ಇದನ್ನು ಕಲಿಸುವವನು ಭೌತಚಿಕಿತ್ಸಕ. ಅವನ ಪಾಲು ಕೆಟ್ಟರೆ ಶಸ್ತ್ರವೈದ್ಯನ ಪಾಲೂ ಕೆಟ್ಟಂತೆಯೇ. ವೆಲ್ಲೂರು ಮತ್ತು ಕಾರಿಗಿರಿಗಳಲ್ಲಿ ಈ ಕೆಲಸ ಕಲಿತವರಲ್ಲಿ ಅದೇ ರೋಗವನ್ನು ಅನುಭವಿಸಿ ಗುಣವಾದ ಕೆಲವರೂ ಇದ್ದರು.

ಕೈ ಸರಿಯಾದವರು ಊರಿಗೆ ಹೋಗಿ, ಕೆಲಸ ಸಿಗದೆ, ಮತ್ತೆ ಹುಣ್ಣುಗಳೊಡನೆ ಹಿಂದಿರುಗುತ್ತಿದ್ದರು. ಅದಕ್ಕಾಗಿ ಕಾಲೇಜಿನ ಆವರಣದಲ್ಲಿ ಗುಡಿಸಲುಗಳ ಒಂದು ಪುಟ್ಟ ನೆಲೆಯನ್ನು ಕಟ್ಟಿ, ಮರದ ಆಟಿಕೆ ಮುಂತಾದುವನ್ನು ಮಾಡುವ ಕಸುಬನ್ನು ಕಲಿಸಿದರು. ಕುಷ್ಠರೋಗಿಯ ಮಾಂಸ ತಾನಾಗಿಯೇ ಕೊಳೆಯುತ್ತದೆಂಬುದು ಆವರೆಗಿನ ನಂಬಿಕೆ. ಈ ನೆಲೆಯಲ್ಲಿ ಪ್ರತಿದಿನವೂ ಪ್ರತಿಯೊಬ್ಬರ ಕೈಕಾಲುಗಳನ್ನು ಪರೀಕ್ಷಿಸಿ, ಒಂದೊಂದು ಗಾಯಕ್ಕೂ ಕಾರಣ ಹುಡುಕತೊಡಗಿದಾಗ ಆ ನಂಬಿಕೆ ಕುಸಿಯಿತು. ತುಕ್ಕು ಹಿಡಿದ ಬೀಗದಲ್ಲಿ ಕೀಲಿಕೈಯನ್ನು ಬಲವಾಗಿ ತಿರುಗಿಸಿದವನ ಬೆರಳು ಮೂಳೆಯವರೆಗೆ ಸೀಳಿತ್ತು. ನೋವಿಲ್ಲದ್ದರಿಂದ ಅವನಿಗೆ ತಿಳಿಯಲಿಲ್ಲ. ರಾತ್ರಿಯಲ್ಲಿ ಬೆರಳ ತುದಿಗಳು ಮಾಯವಾಗುತ್ತಿದ್ದುದೇಕೆಂದು ಕಾದು ನೋಡಿದರೆ ಇಲಿಗಳು ಕಡಿಯುತ್ತಿದ್ದುವು. ಅಂದಿನಿಂದ ಅಲ್ಲಿಂದ ಊರಿಗೆ ಹೊರಟವರ ಕೈಗೆ ಒಂದೊಂದು ಬೆಕ್ಕನ್ನು ಕೊಟ್ಟು ಕಳುಹಿಸುವ ಪದ್ಧತಿಯಾಯಿತು. ಬೆಕ್ಕನ್ನು ಯಾವ ವೈದ್ಯನೂ ಚೀಟಿಯಲ್ಲಿ ಬರೆಯಲಾರ. ದಿನದಿನವೂ ಕೈ ಹಿಡಿದು ನೋಡುವವರ ಜೊತೆಯಲ್ಲಿದ್ದು ಕಲಿತ ವೈದ್ಯನೊಬ್ಬನಿಗೆ ಮಾತ್ರ ಅದು ಹೊಳೆದೀತು.

ಬ್ರ್ಯಾಂಡರ ಶಿಷ್ಯೆಯಾದ ಡಾ. ಮೇರಿ ವರ್ಗೀಸರು 1954ರಲ್ಲಿ ರಸ್ತೆಯ ಅಪಘಾತದಲ್ಲಿ ಸೊಂಟದಿಂದ ಕೆಳಗೆ ಶಕ್ತಿ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳ ಶಸ್ತ್ರಕ್ರಿಯೆ ಮಾಡಿದರು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ತಾವೇ ಪುನರ್ವಸತಿಯ ಚಿಕಿತ್ಸೆ ಪಡೆದು, ನ್ಯೂಯಾರ್ಕಿನಲ್ಲಿ ಹೋವರ್ಡ್ ರಸ್ಕನ ಬಳಿ ಕಲಿತು, ವೆಲ್ಲೂರಿಗೆ ಮರಳಿ ಆ ವಿಭಾಗವನ್ನು ಕಟ್ಟಿದರು. 1966ರಲ್ಲಿ ಅಲ್ಲಿ ಪುನರ್ವಸತಿ ಸಂಸ್ಥೆ ತೆರೆಯಿತು. ಹಾಸಿಗೆಯಿಂದ ಕುರ್ಚಿಗೆ ಜಾರುವುದನ್ನು ಚಿಕಿತ್ಸಕನು ಹೇಗೆ ಕಲಿಸುತ್ತಾನೆಂಬುದನ್ನು ರೋಗಿಯಾಗಿ ಅರಿತ ವೈದ್ಯೆ ಅವರು. ಸೇಂಟ್ ಡನ್‌ಸ್ಟನ್ಸಿನ ಸೈನಿಕರಂತೆ ಇಲ್ಲಿಯೂ ಗಾಯಾಳುವೇ ಚಿಕಿತ್ಸೆಗೆ ನಿಂತುದನ್ನು ಕಾಣುತ್ತೇವೆ. ಅಪ್ಪಣೆ ಕೊಡುವವನು, ಪಾಲಿಸುವವನು ಎಂಬ 1894ರ ಗೆರೆ ವೆಲ್ಲೂರಿನಲ್ಲಿ ಕಾಗದದ ಮೇಲೆ ಇದ್ದರೂ ಇದ್ದೀತು; ಕೆಲಸದಲ್ಲಿ ಅದು ಬಹುಮಟ್ಟಿಗೆ ಅಳಿಸಿತ್ತು.

ಗೆರೆಯನ್ನು ಮೊದಲು ಬಹಿರಂಗವಾಗಿ ಅಳಿಸಿದವರು ಆಸ್ಟ್ರೇಲಿಯದವರು. ಅಲ್ಲಿಯ ವೃತ್ತಿಸಂಘವು 1976ರಲ್ಲಿ, ವೈದ್ಯನು ಕಳುಹಿಸದ ರೋಗಿಯನ್ನು ನೋಡಬಾರದೆಂಬ ತನ್ನ ನೀತಿಸೂತ್ರವನ್ನು ತೆಗೆದುಹಾಕಿತು. ಕೆನ್ನಿಯ ದೇಶದಲ್ಲಿಯೇ ಇದು ನಡೆದುದು ಕುತೂಹಲಕರ, ಕಾರ್ಯಕಾರಣ ಸಂಬಂಧವನ್ನು ನಾವು ಹೇಳಹೊರಟಿಲ್ಲ. ಬ್ರಿಟನ್ನಿನ ಆರೋಗ್ಯ ಇಲಾಖೆ 1977ರಲ್ಲಿ ಚಿಕಿತ್ಸೆಯ ಸ್ವರೂಪವನ್ನೂ ಅವಧಿಯನ್ನೂ ಚಿಕಿತ್ಸಕನೇ ನಿರ್ಧರಿಸಬಹುದೆಂದು ಸುತ್ತೋಲೆ ಹೊರಡಿಸಿತು. ನಿಯಮದ ಆಯುಷ್ಯ ಅದು ಹುಟ್ಟಿದ ನಾಡಿನಲ್ಲಿ 83 ವರ್ಷ.

ನಮ್ಮಲ್ಲಿ ಶಿಕ್ಷಣವು ವಿಶ್ವವಿದ್ಯಾನಿಲಯಗಳ ಪದವಿಯಾಗಿ ಬೆಳೆಯಿತು. ಕರ್ನಾಟಕದಲ್ಲಿ 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಅನೇಕ ಭೌತಚಿಕಿತ್ಸಾ ಕಾಲೇಜುಗಳು ಬಂದಿವೆ. ಪದವಿ ಬೆಳೆದಷ್ಟು ಬೇಗ ಕಾನೂನು ಬೆಳೆಯಲಿಲ್ಲ. ದೆಹಲಿ, ಮಹಾರಾಷ್ಟ್ರಗಳಂಥ ಕೆಲವು ರಾಜ್ಯಗಳು ತಮ್ಮದೇ ಮಂಡಲಿಗಳನ್ನು ಮಾಡಿಕೊಂಡರೂ ದೇಶಕ್ಕೆಲ್ಲ ಅನ್ವಯಿಸುವ ಶಾಸನ ಬಂದುದು 2021ರಲ್ಲಿ. ಆ ಶಾಸನದ ವ್ಯಾಖ್ಯೆಗಳನ್ನು 1894ರ ನಿಯಮಗಳ ಪಕ್ಕದಲ್ಲಿಟ್ಟು ಓದಬೇಕು. ಅದು ಆರೋಗ್ಯವೃತ್ತಿಗಳವರನ್ನು ಎರಡು ಗುಂಪು ಮಾಡುತ್ತದೆ. 2000 ಗಂಟೆಗಳಿಗೆ ಕಡಮೆಯಿಲ್ಲದ ಶಿಕ್ಷಣ ಪಡೆದ ಮೊದಲ ಗುಂಪಿನವರು, ಇತರರು ಸೂಚಿಸಿದ ಚಿಕಿತ್ಸೆಯನ್ನು ನೆರವೇರಿಸಲು ನೆರವಾಗುವವರು. 3600 ಗಂಟೆಗಳಿಗೆ ಕಡಮೆಯಿಲ್ಲದ ಪದವಿ ಪಡೆದ ಎರಡನೆಯ ಗುಂಪಿನವರು ತಾವೇ ಸಲಹೆ, ಸಂಶೋಧನೆ, ಮೇಲ್ವಿಚಾರಣೆ, ಚಿಕಿತ್ಸೆಗಳನ್ನು ನಡೆಸುವವರು. ಅವರ ವ್ಯಾಖ್ಯೆಯಲ್ಲಿ ಇತರರ ಸೂಚನೆಯ ಮಾತು ಬರುವುದಿಲ್ಲ. ಪದವೀಧರ ಭೌತಚಿಕಿತ್ಸಕನು ಸೇರುವುದು ಈ ಎರಡನೆಯ ಗುಂಪಿಗೆ. ಲಂಡನ್ನಿನ ನಾಲ್ವರು ಮೊದಲ ಸಾಲಿನಲ್ಲಿಯೇ ಬರೆದ ವಾಕ್ಯವನ್ನು ಭಾರತದ ಶಾಸನಕರ್ತರು ಮೌನವಾಗಿ ಬಿಟ್ಟಿದ್ದಾರೆ.

ಮೌನವಾಗಿ ಬಿಟ್ಟುದನ್ನು ಮೌನವಾಗಿ ಒಪ್ಪಿದವರು ಕಡಮೆ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು, ಭೌತಚಿಕಿತ್ಸಕರು ಹೆಸರಿನ ಮುಂದೆ 'ಡಾಕ್ಟರ್' ಎಂದು ಹಾಕಿಕೊಳ್ಳಬಾರದೆಂದು ಪತ್ರ ಬರೆಯಿತು. ಬೆನ್ನಿಗೇ ಇನ್ನೊಂದು ಪತ್ರ ಬರೆದು ಅದನ್ನು ಹಿಂತೆಗೆದುಕೊಂಡಿತು.